ಕಣಿವೆಯಮ್ಮನ ಬೆನ್ನು

ನಮ್ಮೂರಲ್ಲಿ ಗುಡಿಯಿಂದ ಹೊರಗೆ ಬಂದವರನ್ನ ಎದುರಿಗೆ ಸಿಕ್ಕವರು ಮೊದಲು ಕೇಳೋದು ಒಂದೇ ಮಾತು: "ಮುಖವೋ, ಬೆನ್ನೋ?" ಕಾಫಿ ಆಯ್ತಾ ಅಂತ ಕೇಳಿದ ಹಾಗೆ ಕೇಳ್ತಾರೆ. ಬಹಳ ಜನ "ಮುಖ" ಅಂತ ಹೇಳಿ ತಮ್ಮ ಪಾಡಿಗೆ ಹೋಗ್ತಾರೆ. ಕೆಲವರು ಮಾತ್ರ ಗಂಟಲು ಸರಿಮಾಡಿಕೊಂಡು, ಪಂಚೆಯ ಚುಂಗು ಒದರಿ, "ಬೆನ್ನು" ಅಂತಾರೆ. ಅಂಥವರು ಬಂದರೆ ನಾವು ಪಕ್ಕಕ್ಕೆ ಸರಿದು ದಾರಿ ಬಿಡ್ತೀವಿ. ಗುಡಿ ತನ್ನದು ಅನ್ನೋದು ಯಾರ ತಲೆಗೆ ಹತ್ತುತ್ತೋ ಅವರಿಗೆ ಕಣಿವೆಯಮ್ಮ ಬೆನ್ನು ತೋರಿಸ್ತಾಳೆ. ಮೂರ್ತಿ ಒಂದೇ, ಹೊತ್ತೂ ಒಂದೇ. ಪಕ್ಕದಲ್ಲಿ ನಿಂತವನಿಗೆ ಮುಖ ಕಾಣ್ತಿರುತ್ತೆ, ಇವನಿಗೆ ಜಡೆ. ಹೀಗ್ಯಾಕೆ ಅಂತ ನಮ್ಮೂರಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ತಲೆ ಕೆಡಿಸಿಕೊಳ್ಳೋಕೆ ಬೇರೆ ಬೇಕಾದಷ್ಟಿದೆ.

ಹೂವಿನ ಸಾಕವ್ವನಿಗೆ ಒಮ್ಮೆ ಹೀಗಾಯ್ತು. "ನನ್ನ ಮಾಲೆ ಬೀಳದೆ ಆಯಮ್ಮನಿಗೆ ಬೆಳಗೇ ಆಗಲ್ಲ" ಅಂತ ಸಂತೆಯಲ್ಲಿ ಜಂಬ ಕೊಚ್ಚಿಕೊಂಡಳು. ಮರುದಿನ ಹೋಗಿ ನೋಡಿದರೆ ಅಮ್ಮನ ಒಂದು ಕಿವಿ ಮಾತ್ರ ಕಾಣ್ತು. ಅದರ ಮರುದಿನ ಬರೀ ಜಡೆ. ಸಾಕವ್ವ ಗಾಬರಿಬಿದ್ದು, ಗುಡಿ ಬಾಗಿಲ ತನ್ನ ಜಾಗವನ್ನ ಪಕ್ಕದ ಹೂವಿನವಳಿಗೆ ಬಿಟ್ಟುಕೊಟ್ಟು, ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಸ್ವಲ್ಪ ದಿನಕ್ಕೆ ಮುಖ ಇತ್ತ ತಿರುಗಿತು. ಸಿಮೆಂಟ್ ಅಂಗಡಿ ಕೊಟ್ರೇಶಪ್ಪನ ಕಥೆ ಬೇರೆ. ಗುಡಿಗೆ ನೆಲ ಹಾಸಿಸಿಕೊಟ್ಟ, ಹಾಸಿದ ಕಲ್ಲು ಕಲ್ಲಿಗೂ ತನ್ನ ಹೆಸರು ಕೆತ್ತಿಸಿದ, ಬೆನ್ನು ಕಂಡ ದಿನ ಬೀದಿಗೆಲ್ಲ ಪೇಢೆ ಹಂಚಿದ. ತಾನೂ ಒಂದು ಲೆಕ್ಕಕ್ಕೆ ಬಂದೆ ಅಂತ ಅವನ ಖುಷಿ. ಊರೆಲ್ಲ ಅವನ ಹೆಸರನ್ನ ದಿನಾ ತುಳೀತಿತ್ತು, ಅದು ಅವನ ಗಮನಕ್ಕೆ ಬರಲಿಲ್ಲ. ಗುಡಿಯನ್ನ ವಹಿಸಿಕೊಳ್ಳೋಕೆ ಅಂತ ಮೇಲಿನಿಂದ ಒಬ್ಬ ಅಧಿಕಾರಿಯೂ ಬಂದಿದ್ದ. ಬೆಳಿಗ್ಗೆ ಕೈಮುಗಿದಾಗ ಮುಖ ಕಂಡಿತ್ತಂತೆ. ಮಧ್ಯಾಹ್ನ ಬಾಗಿಲಿಗೆ ಬೋರ್ಡು ಹೊಡೆಸಿ ಒಳಗೆ ಬಂದರೆ ಜಡೆ. ಪಾಪ, ಆ ಮನುಷ್ಯನಿಗೆ ಸ್ವಲ್ಪ ಹೆದರಿಕೆ ಇತ್ತು, ವರ್ಗ ಮಾಡಿಸಿಕೊಂಡು ಹೋದ.

ಇನ್ನು ನನ್ನ ವಿಷಯ. ನಾನು ನೀಲಾವತಿ. ಗಂಟೆಯವರ ಮನೆ ಮಗಳು, ದೀಪದವರ ಮನೆ ಸೊಸೆ. ಗುಡಿಯ ದೊಡ್ಡ ಗಂಟೆ ಮಾಡಿಸಿಕೊಟ್ಟಿದ್ದು ನಮ್ಮ ಹಿರಿಯರು, ಹಾಗಾಗಿ ಆಡಳಿತ ನಮ್ಮದು ಅಂತ ನನ್ನ ತವರಿನವರ ವಾದ. ನಂದಾದೀಪಕ್ಕೆ ಮೊದಲು ಎಣ್ಣೆ ಹೊಯ್ದಿದ್ದು ನಮ್ಮ ಹಿರಿಯರು, ಹಾಗಾಗಿ ನಮ್ಮದು ಅಂತ ಗಂಡನ ಮನೆಯವರ ವಾದ. ಗಂಟೆ ಬಾರಿಸಿದರೆ ದೀಪದವರು ಕಿವಿ ಮುಚ್ಚಿಕೊಳ್ತಿದ್ದರು. ದೀಪ ಹಚ್ಚಿದರೆ ಗಂಟೆಯವರು ಕಣ್ಣು ಮುಚ್ಚಿಕೊಳ್ತಿದ್ದರು. ದಾವೆ ಹೂಡಿದ್ದು ಅಜ್ಜಂದಿರು, ನಡೆಸಿದ್ದು ಅಪ್ಪಂದಿರು. ಮನೆ ಪಾಲಾಗೋವಾಗ ಹೊಲ, ಪಾತ್ರೆ, ಎಮ್ಮೆ ಜೊತೆಗೆ ದಾವೆಯೂ ಹಿರಿಮಗನ ಪಾಲಿಗೆ ಬರೋದು. ಹೀಗೆ ನಮ್ಮ ಕಾಲಕ್ಕೆ ಆ ಕಡೆ ನನ್ನ ಅಣ್ಣ ಗುರುಬಸಪ್ಪ, ಈ ಕಡೆ ನನ್ನ ಗಂಡ ಚೆನ್ನವೀರಪ್ಪ ನಿಂತಿದ್ದರು.

ಎರಡೂ ಮನೆಯ ಗಂಡಸರು ಅಮ್ಮನ ಮುಖವನ್ನ ಒಂದು ದಿನವೂ ಕಂಡವರಲ್ಲ. ತೊಟ್ಟಿಲಲ್ಲಿದ್ದಾಗಲೇ "ಗುಡಿ ನಿಂದು ಕಣೋ ಮರಿ" ಅಂತ ಕಿವಿಗೆ ಊದಿ ಬೆಳೆಸಿದ್ದರು. ಹೆಣ್ಣುಮಕ್ಕಳಿಗೆ ಯಾರೂ ಹಾಗೆ ಊದಲಿಲ್ಲ, ನಮಗೆ ಮುಖ ಕಾಣ್ತಿತ್ತು. ಕಾಣೋದು ಬೆನ್ನು ಅಂದಮೇಲೆ ಗಂಡಸರು ಮಾಡಿಸಿದ್ದೆಲ್ಲ ಬೆನ್ನಿಗೇ. ಜಡೆಗೆ ಬಂಗಾರದ ಜಡೆಬಿಲ್ಲೆ, ತುದಿಗೆ ಮುತ್ತಿನ ಕುಚ್ಚು, ಸೀರೆಯ ಜರಿಯೆಲ್ಲ ಹಿಂದಕ್ಕೆ ಬರೋ ಹಾಗೆ ನೇಯ್ಗೆ. ಮುಖಕ್ಕೆ ಮಾತ್ರ ಯಾವ ಕಾಲದ್ದೋ ಒಂದು ಹಿತ್ತಾಳೆ ಮೂಗುತಿ. ನನ್ನ ಮಾವನವರಿಗೆ ಒಮ್ಮೆ ಆಸೆ ಹುಟ್ಟಿ ಮೂರ್ತಿಯ ಹಿಂದಕ್ಕೆ ನುಸುಳಿ ನೋಡಿದರಂತೆ, ಅಲ್ಲೂ ಬೆನ್ನೇ. ಎದುರು ಗೋಡೆಗೆ ದೊಡ್ಡ ಕನ್ನಡಿ ಹಾಕಿಸಿದರು, ಅದರಲ್ಲೂ ಬೆನ್ನೇ. ಪೂಜೆ ಮಾಡೋ ಮರುಳಯ್ಯನವರು ಈಗ ಆ ಕನ್ನಡಿ ನೋಡಿಕೊಂಡು ವಿಭೂತಿ ಹಚ್ಚಿಕೊಳ್ತಾರೆ.

ಬೇರೆ ಊರಾಗಿದ್ದರೆ ನಾಚಿಕೆಯಿಂದ ತಲೆ ತಗ್ಗಿಸ್ತಿದ್ದರೋ ಏನೋ. ನಮ್ಮ ಕೋರ್ಟಿನಲ್ಲಿ ಅದೇ ದೊಡ್ಡ ಪುರಾವೆ ಆಗಿ ಕೂತಿತು. ಬೆನ್ನು ಕಂಡವನೇ ಹಕ್ಕುದಾರ. ವಕೀಲರು ಕಕ್ಷಿಗಾರರಿಗೆ ಜಡೆ, ಕುಚ್ಚು, ಸೆರಗಿನ ಅಂಚು ಎಲ್ಲ ಬಾಯಿಪಾಠ ಮಾಡಿಸಿ ಕಟಕಟೆ ಹತ್ತಿಸ್ತಿದ್ದರು. ನಡುವೆ ಮೂರನೆಯವನೊಬ್ಬ ಬಂದ, ಗುಡಿಯ ಬಾವಿ ತೋಡಿಸಿದ್ದು ನಮ್ಮಜ್ಜ ಅಂತ. ಪಾಟೀ ಸವಾಲಿನಲ್ಲಿ ನಮ್ಮ ಯಜಮಾನರ ಕಡೆಯ ದೇಸಾಯಿ ವಕೀಲರು ಕೇಳಿದರು, "ಜಡೆಯ ತುದಿಗೆ ಏನಿದೆ?" "ಕುಚ್ಚು." "ಎಂಥ ಕುಚ್ಚು?" ಬಾಯಿಪಾಠ ಮರೆತುಹೋಗಿ ಆ ಮನುಷ್ಯ, "ಅದೆಲ್ಲ ಗೊತ್ತಿಲ್ಲ ಸ್ವಾಮಿ, ನಗು ಮಾತ್ರ ಬಹಳ ಚೆನ್ನಾಗಿದೆ" ಅಂದುಬಿಟ್ಟ. ದೇವಿಯ ಮುಖ ಕಾಣುವ ವ್ಯಕ್ತಿಗೆ ದೇವಸ್ಥಾನದಲ್ಲಿ ಯಾವ ಹಿತಾಸಕ್ತಿಯೂ ಇರಲು ಸಾಧ್ಯವಿಲ್ಲ ಅಂತ ಅವನ ಅರ್ಜಿ ವಜಾ ಆಯ್ತು. ಊರಿನವರು ಆ ತೀರ್ಪನ್ನ ಬಹಳ ಮೆಚ್ಚಿಕೊಂಡರು.

ನನ್ನ ಮದುವೆ ಆಗಿದ್ದು ರಾಜಿಗೋಸ್ಕರ. ಹೆಣ್ಣು ಕೊಟ್ಟು ತಂದರೆ ದಾವೆ ತಣ್ಣಗಾಗುತ್ತೆ ಅಂತ ಹಿರಿಯರ ಲೆಕ್ಕಾಚಾರ. ತಣ್ಣಗಾಗಿದ್ದು ನನ್ನ ಪಾಲಿಗೆ ತವರಿನ ಒಲೆ ಒಂದೇ. ಮದುವೆ ಆದ ವರ್ಷ ನಾಗರ ಪಂಚಮಿಗೆ, ಎಲ್ಲರ ಅಣ್ಣಂದಿರೂ ಉಂಡಿ ಕಟ್ಟಿಸಿಕೊಂಡು ತಂಗಿಯರನ್ನ ಕರೆಯೋಕೆ ಬಂದರು, ನನ್ನ ಅಣ್ಣ ಸಮನ್ಸ್ ಕಳಿಸಿದ. ನಾನೇ ಹೋಗಿಬರ್ತೀನಿ ಅಂದರೆ ದೇಸಾಯಿ ವಕೀಲರು ಬಿಡಲಿಲ್ಲ. "ಎದುರು ಪಕ್ಷದ ಮನೆಯಲ್ಲಿ ಉಂಡರೆ ನಮ್ಮ ಕೇಸು ಮೆತ್ತಗಾಗುತ್ತೆ, ತಂಗಿ" ಅಂದರು. ಅಲ್ಲಿಂದ ಪ್ರತಿ ಪಂಚಮಿಗೂ ನಾನು ಹೊಸಿಲ ಮೇಲೆ ಕೂತು ಬೀದಿಯಲ್ಲಿ ಹೋಗೋ ಅಣ್ಣಂದಿರನ್ನ ನೋಡಿದ್ದೇ ಬಂತು. ಅವ್ವ ಹೋದಾಗ ಅಂಗಳದಲ್ಲಿ ನಿಂತು ನೋಡಿ ಬಂದೆ, ಒಳಗೆ ಕಾಲಿಡಲಿಲ್ಲ.

ಆ ಮನೆಯಲ್ಲಿ ನಾನು ಬದುಕಿದ್ದು ಅಮ್ಮನ ಮುಖ ನೋಡಿಕೊಂಡು. ದಿನಾ ಮುಂಜಾನೆ ಗುಡಿಗೆ ಹೋಗಿ ಕಂಬಕ್ಕೆ ಒರಗಿ ಕೂರ್ತಿದ್ದೆ. ಅಣ್ಣನ ಮೇಲಿನ ಸಿಟ್ಟು, ಗಂಡನ ಮೇಲಿನ ಸಿಟ್ಟು, ಉಪ್ಪು ಹೆಚ್ಚಾದ ಸಾರು, ಎಲ್ಲ ಹೇಳಿಕೊಳ್ತಿದ್ದೆ. ಅವಳು ಒಂದು ಕಡೆ ತುಟಿ ಎತ್ತಿ ನಗ್ತಾ ಕೇಳ್ತಿದ್ದಳು. ಸಂಜೆ ನನ್ನ ಯಜಮಾನರು ಜಗಲಿ ಮೇಲೆ ಅಡಿಕೆ ಕತ್ತರಿಸ್ತಾ, ನನಗೇನೂ ಬೇಕಿಲ್ಲ ಅನ್ನೋ ಹಾಗೆ ಆಚೆ ನೋಡಿಕೊಂಡು ಕೇಳೋರು, "ಇವತ್ತು ಹೇಗಿದ್ದಳು?"

"ಹೇಗಿರ್ತಾಳೆ, ಇದ್ದ ಹಾಗೆ."

"ಮೂಗುತಿ ಎಡಗಡೆನಾ?"

"ಎಡಗಡೆ. ನಿನ್ನೆನೂ ಹೇಳಿದ್ದೆ."

"ನಗು?"

ಸಿಟ್ಟು ಇದ್ದ ದಿನ ನಾನು ಅಲ್ಲಿಗೇ ಎದ್ದು ಒಳಗೆ ಹೋಗ್ತಿದ್ದೆ. ಅವರಿಗೆ ರೊಟ್ಟಿ ಕೊಡದಿದ್ದರೂ ಅಷ್ಟು ಸಂಕಟ ಆಗ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಲೆ ಬಗ್ಗಿಸಿಕೊಂಡು ಮತ್ತೆ ಕೇಳೋರು, "ನಗು ಹೇಳಲೇ ಇಲ್ಲ ನೀನು." ಆಗ ಪಾಪ ಅನ್ನಿಸಿ ಹೇಳ್ತಿದ್ದೆ. ಇಷ್ಟು ಆಸೆ ಇದ್ದರೆ ದಾವೆ ಬಿಟ್ಟುಬಿಡಬಾರದಾ ಅಂದರೆ, "ಬಿಟ್ಟರೆ ನಿನ್ನ ಅಣ್ಣನ ಪಾಲಾಗುತ್ತಲ್ಲ" ಅನ್ನೋರು. ಅಣ್ಣನೂ ಅಲ್ಲಿ ಅತ್ತಿಗೆಗೆ ಇದೇ ಮಾತು ಹೇಳ್ತಿದ್ದ ಅಂತ ಸಾಕವ್ವ ನನಗೆ ಸುದ್ದಿ ಮುಟ್ಟಿಸ್ತಿದ್ದಳು.

ಹೀಗೇ ನಮ್ಮ ತಲೆ ನರೆಯಿತು. ಆಮೇಲೆ ಹೊಸ ಜಡ್ಜ್ ಸಾಹೇಬರು ಬಂದರು. ಸಣ್ಣ ಆಳು, ಮೂಗಿನ ತುದಿಗೆ ಕನ್ನಡಕ, ಮಾತು ಕಡಿಮೆ. ಕೇಸಿನ ಕಟ್ಟುಗಳನ್ನ ನೋಡಿ ಅವರಿಗೆ ಉಬ್ಬಸ ಬಂತಂತೆ. ಓದೋದು ಬೇಡ, ಸ್ಥಳಕ್ಕೇ ಹೋಗಿ ನೋಡ್ತೀನಿ ಅಂತ ಎಲ್ಲರನ್ನೂ ಗುಡಿಗೆ ಕರೆಸಿದರು. ಅಮ್ಮನ ಮುಂದೆ ನಿಂತು ಅಣ್ಣನನ್ನ ಕೇಳಿದರು, "ಏನು ಕಾಣ್ತಿದೆ?" ಅಣ್ಣ ಎದೆ ಉಬ್ಬಿಸಿ "ಬೆನ್ನು" ಅಂದ. ನನ್ನ ಯಜಮಾನರು ಅವನಿಗಿಂತ ಜೋರಾಗಿ "ಬೆನ್ನು" ಅಂದರು. ಎರಡೂ ಕಡೆಯ ವಕೀಲರು ಬರೆದುಕೊಂಡರು. ಜಡ್ಜ್ ಸಾಹೇಬರ ಕಣ್ಣು ಕಂಬಕ್ಕೆ ಒರಗಿದ್ದ ನನ್ನ ಮೇಲೆ ಬಿತ್ತು.

"ಯಾರಮ್ಮ ನೀವು?"

"ಇವರ ತಂಗಿ, ಅವರ ಹೆಂಡತಿ."

"ನಿಮಗೇನು ಕಾಣ್ತಿದೆ?"

"ಮುಖ ಸ್ವಾಮಿ. ನಗ್ತಿದಾಳೆ. ನಗದೆ ಏನು ಮಾಡ್ತಾಳೆ ಹೇಳಿ."

ಸಾಹೇಬರೂ ನಕ್ಕರು. ಆಮೇಲೆ ಅಲ್ಲೇ ನಿಂತು, ಈ ಹೆಣ್ಣುಮಗಳನ್ನ ಧರ್ಮದರ್ಶಿ ಮಾಡಿದರೆ ನಿಮ್ಮ ತಕರಾರು ಇದೆಯಾ ಅಂತ ಇಬ್ಬರನ್ನೂ ಕೇಳಿದರು. ಹೆಂಡತಿ ನನ್ನ ಮಾತು ಮೀರಲ್ಲ ಅಂತ ಯಜಮಾನರು ಒಪ್ಪಿದರು. ತಂಗಿ ನನ್ನ ರಕ್ತ ಅಂತ ಅಣ್ಣ ಒಪ್ಪಿದ. ನಾನು ಸಾಹೇಬರ ಕಾಲಿಗೆ ಬೀಳೋದೊಂದು ಬಾಕಿ. "ಬೇಡಿ ಸ್ವಾಮಿ, ನನಗಿರೋದು ಅವಳ ಮುಖ ಒಂದೇ. ಅದನ್ನೂ ಕಳಕೊಳ್ತೀನಿ" ಅಂದೆ. "ಬೇಡ ಅನ್ನೋರೇ ಇದಕ್ಕೆ ಸರಿ" ಅಂತ ಅವರು ಗುಡಿಯ ಬೀಗದ ಕೈ ನನ್ನ ಕೈಗೆ ಹಾಕಿ ಕಾರು ಹತ್ತಿದರು. ಜನ ಚಪ್ಪಾಳೆ ಹೊಡೆದರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಮರುದಿನ ಹೆದರಿಕೊಂಡೇ ಗುಡಿಗೆ ಹೋದೆ. ಮುಖ ಇತ್ತು, ಮೂಗುತಿ ಇತ್ತು, ಓರೆ ನಗುವೂ ಇತ್ತು. ಅದರ ಮರುದಿನವೂ ಇತ್ತು. ನನಗೆ ಧೈರ್ಯ ಬಂತು. ಕೊಟ್ರೇಶಪ್ಪನ ಹೆಸರಿನ ಕಲ್ಲುಗಳನ್ನ ಕೀಳಿಸಿ, ಮಗುಚಿ ಹಾಕಿಸಿದೆ. ಎರಡು ಮನೆಯವರ ಜಗಳದಲ್ಲಿ ಮುಚ್ಚಿಹೋಗಿದ್ದ ಪೂರ್ವದ ಬಾಗಿಲು ತೆಗೆಸಿದೆ, ಗುಡಿಯೊಳಗೆ ಎಳೆಬಿಸಿಲು ಬಂತು. ಗಂಟೆಯನ್ನೂ ದೀಪವನ್ನೂ ಯಾರು ಬೇಕಾದರೂ ಮುಟ್ಟಲಿ ಅಂದೆ. ಜನ ಹೊಗಳಿದರು. ನೀಲಕ್ಕ ಬಂದಮೇಲೆ ಗುಡಿಗೆ ಕಳೆ ಬಂತು ಅಂದರು. ಕೇಳೋಕೆ ಹಿತವಾಗಿತ್ತು. ಮೊದಮೊದಲು "ಎಲ್ಲ ಅಮ್ಮನದು, ನನ್ನದೇನಿದೆ" ಅಂತಿದ್ದೆ. ಆಮೇಲೆ ಆಮೇಲೆ "ಹ್ಞೂಂ ಮತ್ತೆ, ಮೊದಲು ಹೇಗಿತ್ತು ನೋಡಿದ್ರಲ್ಲ" ಅನ್ನೋಕೆ ಶುರು ಮಾಡಿದೆ.

ಅತ್ತ ಗಂಡಸರಿಬ್ಬರಿಗೂ ಕೆಲಸ ಇಲ್ಲ. ಕೋರ್ಟಿಗೆ ಹೋಗೋದು ನಿಂತಮೇಲೆ ಮುಂಜಾನೆ ಎದ್ದು ಏನು ಮಾಡಬೇಕು ಅನ್ನೋದೇ ಅವರಿಗೆ ತಿಳೀತಿರಲಿಲ್ಲ. ಒಂದು ದಿನ ನನ್ನ ಯಜಮಾನರು ಬೇಜಾರಾಗಿ ಸುಮ್ಮನೆ ಗುಡಿ ಕಡೆ ಹೋದವರು ಮನೆಗೆ ಬಂದು ಜಗಲಿ ಮೇಲೆ ಕುಸಿದು ಕೂತರು. ನಾನು ಓಡಿಬಂದೆ.

"ರೀ, ಏನಾಯ್ತು?"

"ಮುಖ" ಅಂದರು. ಆಮೇಲೆ ಮಕ್ಕಳ ಹಾಗೆ ಅತ್ತರು. "ಇಷ್ಟು ವರ್ಷ ಹೀಗೇ ನಗ್ತಿದ್ದಳೇನೇ? ಇಷ್ಟು ಚೆಂದ ಅಂತ ನೀನು ಹೇಳಲೇ ಇಲ್ಲವಲ್ಲೇ."

"ದಿನಾ ಹೇಳಿದೀನಿ."

"ಹೇಳಿದ್ದೆ. ನನಗೆ ಗೊತ್ತಾಗಲಿಲ್ಲ."

ಒಂದು ವಾರದೊಳಗೆ ಅಣ್ಣನಿಗೂ ಮುಖ ಕಂಡಿತು. ಆಮೇಲೆ ಇಬ್ಬರೂ ದಿನಾ ಅಲ್ಲೇ. ಅಕ್ಕಪಕ್ಕ ಕೂತು, ಮೂಗುತಿ ಹೊಸದು ಮಾಡಿಸಬೇಕು ಅಂತ ಒಬ್ಬ, ಹಳೆಯದೇ ಲಕ್ಷಣ ಅಂತ ಇನ್ನೊಬ್ಬ. ಜಗಳ ಆಡೋದು ಬಿಟ್ಟಿರಲಿಲ್ಲ, ಆದರೆ ಒಂದೇ ಎಲೆಯಡಿಕೆ ಚೀಲದಿಂದ ತಿಂದುಕೊಂಡು ಆಡ್ತಿದ್ದರು. ನನಗೆ ಖುಷಿ ಆಯ್ತು ಅಂದರೆ ಅರ್ಧ ನಿಜ. ನಾನು ಅತ್ತಿಂದಿತ್ತ ಓಡಾಡಿ ದುಡೀಬೇಕು, ಇವರು ಕೂತು ನಗು ನೋಡಬೇಕು, ಅದು ನನಗೆ ಒಳಗೊಳಗೇ ಚುಚ್ತಿತ್ತು. ಒಂದು ದಿನ ಇಬ್ಬರನ್ನೂ ಕಂಬದ ಹತ್ತಿರದಿಂದ ಎಬ್ಬಿಸಿದೆ. "ದಾರೀಲಿ ಕೂರಬೇಡಿ, ಗುಡಿಗೊಂದು ಶಿಸ್ತು ಇದೆ" ಅಂದೆ. ಎದ್ದು ಹೋದರು ಪಾಪ. ತಿರುಗಿ ಅಮ್ಮನನ್ನ ನೋಡಿದರೆ ಒಂದು ಕಿವಿ ಕಂಡಿತು, ಓಲೆ, ಕೆನ್ನೆಯ ಒಂದು ಅಂಚು.

ಮರುಳಯ್ಯನವರು ಅಲಂಕಾರ ಓರೆ ಮಾಡಿರಬೇಕು ಅಂದುಕೊಂಡೆ. ಅವರನ್ನ ಕರೆದು ಬೈದೆ ಕೂಡ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಆಯ್ತು ನೀಲಮ್ಮ, ಸರಿ ಮಾಡ್ತೀನಿ" ಅಂದರು. ಬೀದಿಯಲ್ಲಿ ಸಾಕವ್ವ ಸಿಕ್ಕು, "ಮುಖವೋ, ಬೆನ್ನೋ?" ಅಂದಳು. "ಮುಖ" ಅಂದೆ. ಸುಳ್ಳೇನಲ್ಲ, ಕಿವಿಯೂ ಮುಖಕ್ಕೇ ಸೇರಿದ್ದು. ಇನ್ನೇನು ಬಿಟ್ಟುಬಿಡೋಣ, ಪಂಚಮಿ ಮುಗಿದ ಮೇಲೆ ಬೀಗದ ಕೈ ಯಾರಿಗಾದರೂ ಕೊಟ್ಟು, ಸಾಕವ್ವನ ಹಾಗೆ ಬಾಯಿ ಮುಚ್ಚಿಕೊಂಡು ಕೂತರೆ ತಾನಾಗಿ ತಿರುಗ್ತಾಳೆ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಯಾರಿಗೆ ಕೊಡೋದು ಅಂತ ಯೋಚನೆ ಮಾಡ್ತಾ ಹೋದರೆ ಮಾತ್ರ ಒಬ್ಬನೂ ಸರಿ ಕಾಣ್ತಿರಲಿಲ್ಲ. ಒಬ್ಬನಿಗೆ ಮರೆವು, ಒಬ್ಬನಿಗೆ ಸೋಮಾರಿತನ, ಇನ್ನೊಬ್ಬನಿಗೆ ನೆಲ ಒರೆಸಿಸೋಕೂ ಬರಲ್ಲ.

ಪಂಚಮಿಯ ಹಿಂದಿನ ದಿನ ನಾನು ಗುಡಿ ಅಂಗಳದಲ್ಲಿ ನಿಂತು ಪೂರ್ವದ ಬಾಗಿಲಿಗೆ ಬಣ್ಣ ಹೊಡಿಸ್ತಿದ್ದೆ. ಅಣ್ಣ ಬಂದ. ಬಿಳೀ ರುಮಾಲು ಸುತ್ತಿದ್ದ, ಕೈಯಲ್ಲಿ ಸ್ಟೀಲಿನ ಡಬ್ಬಿ. ಹಿಂದೆ ನನ್ನ ಯಜಮಾನರು ಹೊಸ ಮದುಮಗನ ಹಾಗೆ ನಗ್ತಾ ನಿಂತಿದ್ದರು. ಅಣ್ಣ ಡಬ್ಬಿ ಮುಚ್ಚಳ ತೆಗೆದ. ಎಳ್ಳುಂಡಿ, ಶೇಂಗಾ ಉಂಡಿ, ಅವ್ವ ಮಾಡ್ತಿದ್ದ ಹಾಗೆ ಸಣ್ಣ ಸಣ್ಣದು.

"ನೀಲಾ, ಪಂಚಮಿಗೆ ಮನೆಗೆ ಬಾರವ್ವ. ನಿಮ್ಮ ಅತ್ತಿಗೆ ಜೋಕಾಲಿ ಕಟ್ಟಿಸಿದಾಳೆ. ಕರೆಯೋಕೆ ಬಂದೀನಿ" ಅಂದ.

ಆ ಮಾತಿಗೆ ನಾನು ಎಷ್ಟು ಪಂಚಮಿ ಹೊಸಿಲ ಮೇಲೆ ಕೂತಿದ್ದೆ, ದೇವರಿಗೇ ಗೊತ್ತು. ಕಣ್ಣು ತುಂಬಿ ಬಂತು. ಡಬ್ಬಿಗೆ ಕೈ ಚಾಚಿದೆ. ಅಷ್ಟರಲ್ಲಿ ಬಣ್ಣದವನು ಬಾಗಿಲ ಚೌಕಟ್ಟಿಗೆ ಬಣ್ಣ ಸೋರಿಸಿದ್ದು ಕಾಣ್ತು.

"ಬರ್ತೀನಿ ಅಣ್ಣ, ಆದರೆ ನಾಳೆ ಇಲ್ಲಿ ಜನ ಬರ್ತಾರಲ್ಲ, ಗುಡಿ ಯಾರು ನೋಡ್ಕೋತಾರೆ?" ಅಂದೆ.

"ಬೀಗದ ಕೈ ಮರುಳಯ್ಯನವರಿಗೆ ಕೊಟ್ಟು ಬಾ. ಎರಡು ದಿನದ ಮಾತು."

ಮರುಳಯ್ಯನವರು ಪಕ್ಕದಲ್ಲೇ ಇದ್ದರು. ಪಾಪ, ಕೈಯನ್ನೂ ಚಾಚಿದರು.

"ಅವರ ಕೈಗೆ ಕೊಟ್ಟು ಹೋದರೆ ನನ್ನ ಗುಡಿ ಗುಡಿಯಾಗಿ ಉಳಿಯುತ್ತಾ?" ಅಂದುಬಿಟ್ಟೆ.

ಬಣ್ಣದವನು ಕುಂಚ ಎತ್ತಿ ನಿಂತ. ಮರುಳಯ್ಯನವರು ಚಾಚಿದ ಕೈಯನ್ನ ಮೆಲ್ಲಗೆ ಹಿಂದಕ್ಕೆ ತಗೊಂಡು ಪಂಚೆಗೆ ಒರೆಸಿಕೊಂಡರು. ಅಣ್ಣ ನನ್ನ ಯಜಮಾನರನ್ನ ನೋಡಿದ, ಯಜಮಾನರು ಅಣ್ಣನನ್ನ ನೋಡಿದರು. ಇಬ್ಬರಿಗೂ ಆ ಮಾತಿನ ಪರಿಚಯ ಚೆನ್ನಾಗಿತ್ತು. ಅಣ್ಣ ಡಬ್ಬಿಯನ್ನ ಕಟ್ಟೆ ಮೇಲಿಟ್ಟು, "ಬರೋವಾಗ ಡಬ್ಬಿ ತಗೊಂಡು ಬಾ" ಅಂತ ಹೇಳಿ ಹೋದ. ಯಾವಾಗ ಅಂತ ಹೇಳಲಿಲ್ಲ.

ನಾನು ಒಳಗೆ ಓಡಿದೆ. ಬೆನ್ನು. ಕಿವಿಯೂ ಇಲ್ಲ, ಕೆನ್ನೆಯೂ ಇಲ್ಲ. ನನ್ನ ಮಾವನವರು ಮಾಡಿಸಿದ ಬಂಗಾರದ ಜಡೆಬಿಲ್ಲೆ, ನನ್ನ ತಂದೆ ಹಾಕಿಸಿದ ಮುತ್ತಿನ ಕುಚ್ಚು, ಹಿಂದಕ್ಕೆ ನೇಯ್ದ ಜರಿ. ಎರಡು ಮನೆಯವರು ತಲೆತಲಾಂತರದಿಂದ ಏನನ್ನ ಕಣ್ಣು ಬಿಟ್ಟು ನೋಡಿದ್ದರೋ ಅದನ್ನ ನಾನು ಮೊದಲ ಸಲ ನೋಡಿದೆ. ಅಳು ತಡೆಯಲಿಲ್ಲ. ಕಂಬಕ್ಕೆ ಒರಗಿ ಕೂತು ಅತ್ತೆ. ಅಣ್ಣನ ವಿಷಯ ಅವಳ ಹತ್ತಿರ ಹೇಳಿಕೊಳ್ಳೋಣ ಅಂತ ಬಾಯಿ ತೆಗೆದೆ, ಆದರೆ ಜಡೆಗೆ ಏನು ಹೇಳೋದು? ಅಳ್ತಾ ಅಳ್ತಾನೇ ಗಮನಿಸಿದೆ, ಜಡೆಬಿಲ್ಲೆ ಸ್ವಲ್ಪ ಎಡಕ್ಕೆ ವಾಲಿತ್ತು. ಇಷ್ಟು ದಿನ ಯಾರೂ ನೋಡಿಲ್ಲ ಅಂದರೆ ಹೇಗೆ ಅಂತ ಸಿಟ್ಟು ಬಂತು. ಎದ್ದು ಮರುಳಯ್ಯನವರನ್ನ ಕೂಗಿದೆ.

ಪಂಚಮಿ ಹೋಯ್ತು. ಉಂಡಿ ನಾನೊಬ್ಬಳೇ ತಿಂದೆ. ಡಬ್ಬಿ ತೊಳೆದು ಗೂಡಿನಲ್ಲಿ ಇಟ್ಟಿದೀನಿ. ಈಗ ಸಂಜೆ ಹೊತ್ತು ಯಜಮಾನರು ಗುಡಿಯಿಂದ ಬಂದು ಜಗಲಿ ಮೇಲೆ ಅಡಿಕೆ ಕತ್ತರಿಸ್ತಾ ಕೂರ್ತಾರೆ. ನಾನು ಅಕ್ಕಿ ಆರಿಸ್ತಾ, ಆಚೆ ನೋಡಿಕೊಂಡು ಕೇಳ್ತೀನಿ.

"ಇವತ್ತು ಹೇಗಿದ್ದಳು?"

"ಇದ್ದ ಹಾಗೆ."

"ನಗು?"

ಅವರಿಗೆ ಹೇಳೋಕೆ ಬರಲ್ಲ. ತುಟಿ ಅಂತಾರೆ, ಕಣ್ಣು ಅಂತಾರೆ, ಕೈಯಲ್ಲಿ ಏನೋ ತೋರಿಸ್ತಾರೆ, ಸಾಲದೆ ಬಿಟ್ಟುಬಿಡ್ತಾರೆ. ನಿನ್ನೆ ಹಾಗೇ ಬಿಟ್ಟು, ನನ್ನ ಸೊಂಟದ ಕಡೆ ನೋಡಿ, "ಆ ಬೀಗದ ಕೈ ಮರುಳಯ್ಯನವರಿಗೆ ಕೊಟ್ಟುಬಿಡು ನೀಲಾ. ನಾಡಿದ್ದು ನೀನೇ ನೋಡಬಹುದು" ಅಂದರು.

"ಕೊಡ್ತೀನಿ" ಅಂದೆ. ಕೊಡೋಳೇ ನಾನು, ಯಾರಿಗೆ ಬೇಕಾಗಿದೆ ಅದು. ಆ ಪೂರ್ವದ ಬಾಗಿಲಿಗೆ ಇನ್ನೊಂದು ಕೈ ಬಣ್ಣ ಬೀಳಬೇಕು, ಅಷ್ಟೇ ಬಾಕಿ.